ಕ್ಯಾಲ್ಸಿ ಮಾವನ ಲಕ್ಷಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಬಂಧುಬಳಗದಲ್ಲಿ ಎತ್ತಿನ ಸುಳಿ ನೋಡುವವರು, ಬೋರಿನ ಜಾಗ ತೋರಿಸುವವರು, ಹೆಣ್ಣಿನ ಕಡೆಯವರ ಗುಣ ಹೇಳುವವರು ಎಂದು ಹಲವು ಬಗೆಯ ಸಲಹೆಗಾರರಿದ್ದರೂ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮಗುವಿಗೆ ಯಾವ ಕ್ಯಾಲ್ಕುಲೇಟರ್ ಕೊಡಿಸಬೇಕೆಂಬ ಒಂದೇ ವಿಷಯದಲ್ಲಿ ಅಪ್ಪಣೆ ಕೊಡಿಸುವವನನ್ನು ಪ್ರತ್ಯೇಕ ಪಂಗಡಕ್ಕೇ ಸೇರಿಸಬೇಕಾಗುತ್ತದೆ. ಮಕ್ಕಳ ಬಾಯಲ್ಲಿ ಕ್ಯಾಲ್ಕುಲೇಟರ್ ‘ಕ್ಯಾಲ್ಸಿ’ಯಾಗಿ ಸವೆದಿರುವುದರಿಂದ ಇವನನ್ನು ಕ್ಯಾಲ್ಸಿ ಮಾವ ಎಂದು ಕರೆಯಬಹುದು; ಮಾವ ಎಂಬುದು ಇಲ್ಲಿ ನೆಂಟಸ್ತಿಕೆಗಿಂತ ಹೆಚ್ಚಾಗಿ ಹುದ್ದೆ.

ಇಪ್ಪತ್ತೈದು ವರ್ಷಗಳ ಹಿಂದೆ ಎಂಜಿನಿಯರಿಂಗ್ ಮುಗಿಸಿ, ಆಮೇಲೆ ಸೈನು ಕೊಸೈನುಗಳ ಸಹವಾಸವಿಲ್ಲದ ಯಾವುದೋ ಕೆಲಸಕ್ಕೆ ಸೇರಿ, ಆದರೆ ಅಂದಿನ ಕ್ಯಾಸಿಯೊ ಎಫ್‌ಎಕ್ಸ್-991 ಎಂಎಸ್ ಯಂತ್ರವನ್ನು ಅದರ ಜಾರುವ ಮುಚ್ಚಳ, ಮಡಿಕೆ ಹರಿದ ಕೈಪಿಡಿ ಸಮೇತ ಬೀರುವಿನಲ್ಲಿ ಕಾಪಾಡಿಕೊಂಡಿರುವುದು ಇವನ ಮೊದಲ ಲಕ್ಷಣ. ಅದು 401 ಬಗೆಯ ಲೆಕ್ಕ ಮಾಡುತ್ತದೆಂಬುದನ್ನು ಅವನು ತಾನೇ ಮಾಡಿದಂತೆ ಹೇಳುತ್ತಾನೆ. ಎರಡನೆಯ ಲಕ್ಷಣವೆಂದರೆ ದಿನಸಿ ಅಂಗಡಿಯ ಕ್ಯಾಲ್ಕುಲೇಟರಿನ ಬಗ್ಗೆ ಅವನಿಗಿರುವ ತಿರಸ್ಕಾರ: ಎರಡಕ್ಕೆ ಎರಡು ಕೂಡಿಸಿ ಎರಡರಿಂದ ಗುಣಿಸು ಎಂದು ಬರೆದಂತೆಯೇ ಒತ್ತಿದರೆ ಅದು ಬಂದ ಸರದಿಯಲ್ಲೇ ಲೆಕ್ಕ ಮಾಡಿ 8 ಎನ್ನುತ್ತದೆ, ಸೈಂಟಿಫಿಕ್ ಯಂತ್ರ ಗುಣಾಕಾರಕ್ಕೆ ಮೊದಲ ಮಣೆ ಹಾಕಿ 6 ಎನ್ನುತ್ತದೆ. ಇದನ್ನು ಪ್ರತಿ ಮದುವೆ ಮನೆಯಲ್ಲೂ ಒಬ್ಬರಿಗಾದರೂ ತೋರಿಸದೆ ಅವನು ಎಲೆಯ ಮುಂದೆ ಕೂರುವುದಿಲ್ಲ.

ಅವನ ಖ್ಯಾತಿಗೆ ಒದಗಿದ ಕಂಟಕ ಅಮೆರಿಕದಿಂದ ಬಂದುದು. ಡಲ್ಲಾಸಿನಲ್ಲಿರುವ ನೆಂಟರ ಮಗ ಹೈಸ್ಕೂಲಿನಲ್ಲೇ ಎಪಿ ಎಂಬ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಓದುತ್ತಿದ್ದು, ಅದರ ಪರೀಕ್ಷೆಯ ಒಂದು ಭಾಗಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕೆಂದು ಟಿಐ-84 ಕೊಂಡ ಸುದ್ದಿ ವಾಟ್ಸ್ಆ್ಯಪಿನಲ್ಲಿ ಫೋಟೊ ಸಮೇತ ಹುಣಸೂರು ತಲುಪುತ್ತದೆ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದರೆ ಸಮೀಕರಣವನ್ನು ಊಡಿಸಿದರೆ ಉತ್ತರವನ್ನಷ್ಟೇ ಅಲ್ಲದೆ ಅದರ ವಕ್ರರೇಖೆಯನ್ನೂ ಪುಟ್ಟ ಪರದೆಯ ಮೇಲೆ ಬರೆದು ತೋರಿಸುವ ಯಂತ್ರ. 1985ರಲ್ಲಿ ಕ್ಯಾಸಿಯೊದ ಎಫ್‌ಎಕ್ಸ್-7000ಜಿ ಈ ಜಾತಿಗೆ ನಾಂದಿ ಹಾಡಿತು. ಮಾವನ ಕೈಪಿಡಿಯಲ್ಲಿ ಈ ಅಧ್ಯಾಯವೇ ಇಲ್ಲ. ಆದರೂ ‘ಗೊತ್ತಿಲ್ಲ’ ಎಂಬ ಕೀಲಿ ಅವನಲ್ಲಿ ಇಲ್ಲದಿರುವುದರಿಂದ, ಟಿಐ ಕಂಪನಿಯ ಊರೇ ಡಲ್ಲಾಸ್ ಆದ್ದರಿಂದ ಅಲ್ಲಿ ಅದು ಅಗ್ಗವೆಂದೂ, ನೂರು ಡಾಲರಿಗೆ ಮೇಲ್ಪಟ್ಟ ಬೆಲೆಯನ್ನು ಅಗ್ಗವೆನ್ನುವುದು ಹೇಗೆಂದು ಯಾರೂ ಕೇಳುವ ಮೊದಲೇ, ನಮ್ಮ ಹವಾಮಾನಕ್ಕೆ ಅದು ತಡೆಯುವುದಿಲ್ಲವೆಂದೂ ತೀರ್ಪು ಕೊಡುತ್ತಾನೆ.

ಕ್ಯಾಲ್ಕುಲಸ್, ಅಂದರೆ ಕಲನಶಾಸ್ತ್ರ, ಏನೆಂಬುದು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಬರಬೇಕಾಗಿಯೂ ಇರಲಿಲ್ಲ, ಏಕೆಂದರೆ ಈ ಸಲ ಕ್ಯಾಲ್ಸಿ ಬೇಕಾಗಿರುವ ಪಿಯುಸಿ ಹುಡುಗಿಯ, ಮೂಲೆಯಲ್ಲಿ ಬೀಡಿ ಹಚ್ಚಿಕೊಂಡು ಕೂತ ಅಪ್ಪ ಅದನ್ನು ಪ್ರತಿ ವರ್ಷ ಮಾಡುತ್ತಾನೆ. ಕಟ್ಟೆಮಳಲವಾಡಿಯಲ್ಲಾಗಲಿ ಚಿಲ್ಕುಂದದಲ್ಲಾಗಲಿ ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ಶುರುವಾದಾಗ ಅವನು ಕೇಳುವುದು ಇವತ್ತಿನ ರೇಟು ಎಷ್ಟೆಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ, ಏರಿದರೆ ಎಷ್ಟು ಬಿರುಸಾಗಿ ಎಂದು. ಒಂದು ಬೆಲೆ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಆ ಪ್ರಶ್ನೆಗೇ ಪುಸ್ತಕದಲ್ಲಿ ಅವಕಲನವೆಂದು ಹೆಸರು. ತುಂಡು ತುಂಡಾಗಿ ಬಂದುದನ್ನು ಒಟ್ಟುಗೂಡಿಸುವುದು ಅನುಕಲನ, ಅದನ್ನು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆ ಸಾಲ ತೀರಿಸುವಾಗ ಅವನ ಹೆಂಡತಿ ಮಾಡುತ್ತಾಳೆ.

ಇಷ್ಟರ ನಡುವೆ ಕ್ಯಾಲ್ಸಿ ಮಾವ ಬಾಯಿಬಿಡದ ಸಂಗತಿಯೊಂದಿದೆ. ಹುಡುಗಿ ಬರೆಯಲಿರುವ ಸಿಇಟಿಯಲ್ಲಿ ಗಣಿತದ 60 ಪ್ರಶ್ನೆಗಳಿಗೆ 80 ನಿಮಿಷ, ಕ್ಯಾಲ್ಕುಲೇಟರಿಗೆ ಪ್ರವೇಶವಿಲ್ಲ. ಜೆಇಇ ಮೇನ್‌ನಲ್ಲೂ ಇಲ್ಲ. ವಕ್ರರೇಖೆ ನೋಡಲೇಬೇಕೆಂದಿದ್ದರೆ ಜಿಯೋಜೀಬ್ರಾ, ಡೆಸ್ಮೊಸ್‌ಗಳು ಅವಳ ಅಣ್ಣನ ಬಿರುಕು ಬಿಟ್ಟ ಮೊಬೈಲಿನಲ್ಲೇ ಪುಕ್ಕಟೆಯಾಗಿ ಬರೆದು ತೋರಿಸುತ್ತವೆ. ಆದರೆ ಪುಕ್ಕಟೆ ಸಿಗುವ ವಸ್ತುವಿಗೆ ಸಲಹೆಗಾರ ಬೇಕಾಗುವುದಿಲ್ಲವಷ್ಟೆ.

ಹೀಗಾಗಿ ಒಂದು ಭಾನುವಾರ ಸವಾರಿ ಮೈಸೂರಿಗೆ ಹೊರಡುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಮುಖ್ಯಮಂತ್ರಿಯಾದವರ ಹೆಸರು ಹೊತ್ತ ದೇವರಾಜ ಅರಸು ರಸ್ತೆಯಲ್ಲಿ ಅಂಗಡಿ ಹೊಕ್ಕ ಮಾವ, ಯಂತ್ರವನ್ನು ಎಳನೀರಿನಂತೆ ಕಿವಿಯ ಬಳಿ ಅಲ್ಲಾಡಿಸಿ, ಸೋಲಾರ್ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ತೆಗೆದು, ಕೊನೆಗೆ ತನ್ನ ಬ್ರಹ್ಮಾಸ್ತ್ರವಾದ ಸೈನ್ 30 ಒತ್ತುತ್ತಾನೆ. ಬರಬೇಕಾದದ್ದು 0.5, ಪರದೆಯ ಮೇಲೆ ಮೂಡುವುದು ಮೈನಸ್ 0.988031624. “ಡೂಪ್ಲಿಕೇಟು ಕಣಯ್ಯ ಇದು” ಎಂದು ಅವನು ಗಲ್ಲಾದ ಮೇಲೆ ಕುಕ್ಕಿದಾಗ, ಅಲ್ಲಿಯವರೆಗೆ ಯಾರೂ ಮಾತಾಡಿಸದಿದ್ದ ಹುಡುಗಿ ಮೂಲೆಯಲ್ಲಿನ ಚಿಕ್ಕ ‘ಆರ್’ ಅಕ್ಷರವನ್ನು ಉಗುರಿನಿಂದ ತೋರಿಸುತ್ತಾಳೆ. ಯಾರೋ ಒತ್ತಿ ನೋಡಿ ಅದನ್ನು ರೇಡಿಯನ್ನಿಗೆ ತಿರುಗಿಸಿಟ್ಟಿದ್ದಾರೆ. ವೃತ್ತದ ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನವೇ ರೇಡಿಯನ್, ಡಿಗ್ರಿಯ ಲೆಕ್ಕದಲ್ಲಿ ಸುಮಾರು 57.3. ಸರಿಮಾಡಲು ಹೋದ ಅಂಗಡಿಯವನನ್ನು ತಡೆದು, ಸೈನನ್ನು ಅವಕಲಿಸಿದರೆ ಕೊಸೈನ್ ಬರುವುದು ರೇಡಿಯನ್ನಿನಲ್ಲಿದ್ದಾಗ ಮಾತ್ರವಾದ್ದರಿಂದ ಹಾಗೇ ಇರಲಿ ಎನ್ನುತ್ತಾಳೆ. ಮಾವ ಅದನ್ನೇ ತಾನು ಪರೀಕ್ಷಿಸುತ್ತಿದ್ದೆನೆಂದು ಹೇಳಿ ಕಾಫಿಗೆ ಹೋಗುತ್ತಾನೆ.

ಕೊಂಡದ್ದು ಗ್ರಾಫ್ ಬರೆಯದ ಮಾಮೂಲಿ 991. ಪರೀಕ್ಷೆಗೆ ಒಯ್ಯಲಾಗದ ಆ ಯಂತ್ರ ಎರಡು ತಿಂಗಳೊಳಗೆ ಅಪ್ಪನ ಅಂಗಿಯ ಜೇಬಿಗೆ ಇಳಿದು ಹರಾಜು ಕಟ್ಟೆ ಸೇರುತ್ತದೆ. ಹಾಕಿದ ಲೆಕ್ಕ ಮೇಲಿನ ಸಾಲಿನಲ್ಲೂ ಉತ್ತರ ಕೆಳಗಿನ ಸಾಲಿನಲ್ಲೂ ಒಟ್ಟಿಗೆ ನಿಲ್ಲುವುದರಿಂದ, ಹೊಗೆಸೊಪ್ಪಿನ ಬೇಲಿನ ತೂಕಕ್ಕೆ ಕೆಜಿಯ ದರ ಗುಣಿಸಿ ಪಕ್ಕದವನಿಗೆ ತೋರಿಸಲು ಇಷ್ಟು ಅನುಕೂಲದ್ದು ಬೇರೆ ಇಲ್ಲವೆಂಬುದು ಅವನ ಅನುಭವ. ಮೂಲೆಯ ‘ಆರ್’ ಇನ್ನೂ ಹಾಗೇ ಇದೆ. ಅದೇನೆಂದು ಯಾರಾದರೂ ಕೇಳಿದರೆ ಅವನು ರೇಟು ಎನ್ನುತ್ತಾನೆ.