ರಾಕ್ ಬ್ಯಾಂಡಿನವರಿಗೆ, ಕಾಲುವೆಯ ಕೊನೆಯಿಂದ

ಆಲ್ಟರ್ನೇಟಿವ್ ರಾಕ್ ಬ್ಯಾಂಡಿನ ಅಣ್ಣಂದಿರೇ, ಅಕ್ಕಂದಿರೇ,

ಸಮಾಜದ ಮೇಲಿನ ಕಾಳಜಿಯನ್ನು ಹಾಡಿಗೆ ಹಾಕುವುದು ಎಷ್ಟು ತ್ರಾಸಿನ ಕೆಲಸವೆಂದು ನಮಗೆ ತಡವಾಗಿ ತಿಳಿಯಿತು. ಬಣ್ಣದ ಬೆಳಕು, ಹೊಗೆ, ಪ್ರಾಯೋಜಕರು ಎಲ್ಲ ಕೂಡಿಬರಬೇಕಲ್ಲ!

ನಿಮ್ಮ ಹಿರಿಯರ ಕಥೆಯನ್ನೂ ಕೇಳಿದ್ದೇವೆ. 1985ರಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ಮರುಗಿ ಲೈವ್ ಏಡ್‌ನಲ್ಲಿ ಹಾಡಿದ ಯೂ2 ತಂಡ, ಮುಂದೆ ಐರ್ಲೆಂಡ್ ಸರಕಾರ ಕಲಾವಿದರ ತೆರಿಗೆ ವಿನಾಯಿತಿಗೆ ಮಿತಿ ಹಾಕಿದಾಗ, 2006ರಲ್ಲಿ ವ್ಯವಹಾರದ ಒಂದು ಭಾಗವನ್ನು ನೆದರ್‌ಲೆಂಡ್ಸ್‌ಗೆ ಸಾಗಿಸಿತು. (ಮರುಗುವುದೂ ಅವರೇ, ತೆರಿಗೆ ಕಟ್ಟುವುದೂ ಅವರೇ ಎಂದರೆ ಹೇಗೆ?) 2009ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಜನ ಟಿವಿ ಸ್ಪರ್ಧೆಯ ಗಾಯಕನನ್ನು ಸೋಲಿಸಲೆಂದೇ ರಾಕ್ ತಂಡ ರೇಜ್ ಅಗೇನ್ಸ್ಟ್ ದ ಮಷಿನ್‌ನ ಹಳೇ ಹಾಡನ್ನು ಕೊಂಡು ಮೊದಲ ಸ್ಥಾನಕ್ಕೇರಿಸಿದರು. ಗೆದ್ದದ್ದೂ ಸೋನಿ ಕಂಪನಿಯ ಹಾಡು, ಸೋತದ್ದೂ ಸೋನಿ ಕಂಪನಿಯ ಹಾಡು. ಇಂಥ ಬಂಡಾಯ ನಮ್ಮ ಕವಿ ಸಿದ್ಧಲಿಂಗಯ್ಯನವರಿಗೆ ಹೊಳೆಯಲಿಲ್ಲ ನೋಡಿ. ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯವರ ಬಾಯಲ್ಲಿ, ಹಲಗಿಯ ಹಿಂದೆ, ಊರೂರು ಬಿಸಿಲಲ್ಲಿ ನಡೆದವು.

ಬೆಂಗಳೂರಿನ ಸ್ವರಾತ್ಮ ತಂಡ ತನ್ನ ಮೊದಲ ಆಲ್ಬಮ್ಮಿನ ‘ಪ್ಯಾಸಿ’ಯಲ್ಲಿ ಕಾವೇರಿಯ ಅಳಲು ಹಾಡಿತು. ಚಲೋ ಹಾಡು, ಇದರಲ್ಲಿ ವ್ಯಂಗ್ಯವಿಲ್ಲ. ಕಾವೇರಿಯೇ ಏಕೆ ಎಂದು ಕೇಳುವುದೂ ಇಲ್ಲ. ರಾಜಧಾನಿಯ ನಲ್ಲಿಗೆ ಬರುವವಳು ಅವಳೇ ತಾನೆ. ತುಂಗಭದ್ರೆಗೂ ಅಳು ಬರುತ್ತದೆ ಎಂದಷ್ಟೇ ನೆನಪಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಅವಳ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಹಾಡಿಗೆ ವಸ್ತು ಗೇಟಿನಷ್ಟೇ ದೊಡ್ಡದಿತ್ತು.

ಆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ನಮ್ಮ ರೈತರಿಗೆ ಸಂಗೀತ ಗೊತ್ತಿಲ್ಲ. ಮೇಲ್ಭಾಗದವರು ಅಕ್ರಮವಾಗಿ ನೀರೆತ್ತಿ ಭತ್ತ ಬೆಳೆದಾಗ, ಮಾನ್ವಿ, ಸಿರವಾರದ ಕಡೆ ಇವರು ರಸ್ತೆಯಲ್ಲಿ ಕೂತು ‘ಮೈಲ್ 104ರಲ್ಲಿ ಗೇಜ್ ಕಾಯ್ದುಕೊಳ್ಳಿ’ ಎನ್ನುತ್ತಾರೆ, ಅಂದರೆ ಅಲ್ಲಿ ನಿಗದಿಯಾದಷ್ಟು ನೀರಿನ ಮಟ್ಟ ಇರಲಿ ಎಂದು. ರಾಗವಿಲ್ಲ, ರೂಪಕವಿಲ್ಲ, ಮನುಕುಲದ ಮಾತಂತೂ ಇಲ್ಲವೇ ಇಲ್ಲ. ಆದರೆ ಮೈಲ್ ನಂಬರು ಹೇಳಿಬಿಟ್ಟರೆ ಅದು ಯಾವ ಎಂಜಿನಿಯರನ ಹೊಣೆ ಎಂಬುದೂ ಹೇಳಿದಂತಾಗಿ, ಆ ಮನುಷ್ಯ ಜೀಪು ಹತ್ತಿ ಬರಬೇಕಾಗುತ್ತದೆ. ಎಂಥ ಒರಟುತನ! ನಿಮ್ಮ ಹಾಡಿನಲ್ಲಿ ತಪ್ಪೆಲ್ಲ ‘ವ್ಯವಸ್ಥೆ’ಯದು, ಮುಂದಿನ ಸಾಲಿನಲ್ಲಿ ಕೂತ ಸಚಿವರೂ ನಿಶ್ಚಿಂತೆಯಿಂದ ಚಪ್ಪಾಳೆ ತಟ್ಟಬಹುದು.

ಒಂದೇ ಕೋರಿಕೆ. ಮುಂದಿನ ನೀರಿನ ಹಾಡಿನಲ್ಲಿ ಆ ಗೇಜ್ ಒಂದನ್ನು ಸೇರಿಸಿಕೊಳ್ಳಿ. ಪ್ರಾಸಕ್ಕೆ ಪರದಾಡಬೇಕಿಲ್ಲ, ಸ್ಟೇಜ್ ಹೇಗೂ ನಿಮ್ಮದೇ.

ಇತಿ,
ರಾಯಚೂರು ಜಿಲ್ಲೆಯ ಕವಿತಾಳದ ಒಬ್ಬ ಕೇಳುಗ