ಜೈಲೆಂಬ ಇಂಟರ್ವಲ್ಲು

ಸಂಜಯ್ ದತ್ ಅವರ ಬದುಕಿನಲ್ಲಿ ಬಹಳ ಏಳುಬೀಳುಗಳಿವೆಯಂತೆ. ಸಿನಿಮಾ ಪುಟಗಳಲ್ಲಿ ಹೀಗೇ ಬರೆಯುತ್ತಾರೆ. ಚಿತ್ರ ಮಕಾಡೆ ಮಲಗಿದರೂ ಬೀಳು. ಎಕೆ-56 ಇಟ್ಟುಕೊಂಡು ಸಿಕ್ಕಿಬಿದ್ದರೂ ಬೀಳು. ಎರಡಕ್ಕೂ ಒಂದೇ ತಕ್ಕಡಿ.

1993ರಲ್ಲಿ ಮುಂಬೈ ಸ್ಫೋಟಕ್ಕೆ 257 ಜನ ಬಲಿಯಾದರು. ಆ ಎಕೆ-56ರ ಸಂಬಂಧ ಏಪ್ರಿಲ್‌ನಲ್ಲಿ ದತ್ ಬಂಧನವಾಯಿತು. ಅದೇ ವರ್ಷ ಅವರು ನಟಿಸಿದ 'ಖಳನಾಯಕ್' ತೆರೆಗೆ ಬಂತು. ಜನ ಛೀ ಎನ್ನಲಿಲ್ಲ, ಟಿಕೆಟ್‌ಗೆ ಮುಗಿಬಿದ್ದರು.

ಪಾಪ, ತಿಳಿಯದ ಹುಡುಗ ಎಂದರು ಹಿತೈಷಿಗಳು. ಹುಡುಗನಿಗೆ ಆಗ 33 ವರ್ಷ. ಈಗ ಅರವತ್ತು ದಾಟಿದೆ. ಇನ್ನೂ 'ಬಾಬಾ', ಅಂದರೆ ಮಗು.

ಸ್ಫೋಟದ ಸಂಚಿನ ಆರೋಪದಿಂದ ಕೋರ್ಟು ಅವರನ್ನು ಮುಕ್ತಗೊಳಿಸಿತು, ಒಪ್ಪೋಣ. ಆದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ತಪ್ಪಿತಸ್ಥ ಎಂದಿತು. ಅದು 2006ರ ನವೆಂಬರ್. ಸೆಪ್ಟೆಂಬರ್‌ನಲ್ಲಷ್ಟೇ ಅವರು ನಾಯಕರಾಗಿದ್ದ 'ಲಗೇ ರಹೋ ಮುನ್ನಾಭಾಯಿ' ಬಂದಿತ್ತು. ಅದನ್ನು ನೋಡಿ ಇಡೀ ದೇಶ ಗುಲಾಬಿ ಹಿಡಿದು ಗಾಂಧಿಗಿರಿ ಮಾಡುತ್ತಿತ್ತು. ಪಾಠ ಹೇಳಿದ ಮೇಷ್ಟ್ರು ಕಟಕಟೆಯಲ್ಲಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಖಾಯಂ ಮಾಡಿ ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿದಾಗ ಕ್ಷಮಾದಾನ ಕೊಡಿ ಎಂದು ಮೊದಲು ಎದ್ದು ನಿಂತವರಲ್ಲಿ ಮಾರ್ಕಂಡೇಯ ಕಾಟ್ಜು ಒಬ್ಬರು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ! ಅವರು ಕೊಟ್ಟ ಕಾರಣಗಳಲ್ಲೊಂದು: ಈ ನಟ ಸಿನಿಮಾ ಮೂಲಕ ಗಾಂಧಿಯ ನೆನಪನ್ನು ಮರಳಿ ತಂದಿದ್ದಾರೆ. ಸಂಭಾಷಣೆ ಬರೆದವನು ಬೇರೆ, ನಿರ್ದೇಶಿಸಿದವನು ಬೇರೆ. ಪುಣ್ಯ ಮಾತ್ರ ಬಾಬಾನ ಖಾತೆಗೆ.

ಮುಗಿಸಬೇಕಾದ ಚಿತ್ರಗಳಿವೆ, ಶರಣಾಗಲು ಆರು ತಿಂಗಳು ಬೇಕು ಎಂದರು ದತ್. ನಾಲ್ಕು ವಾರ ಸಿಕ್ಕಿತು. ಕೊಯ್ಲು ಮುಗಿಸಿ ಬರ್ತೀನಿ ಸ್ವಾಮಿ ಅಂತ ಒಬ್ಬ ರೈತ ಕೇಳಿ ನೋಡಲಿ.

ಒಳಗೆ ಹೋದ ಮೇಲೂ ಪೆರೋಲು, ಫರ್ಲೋ, ಅವುಗಳ ವಿಸ್ತರಣೆ. ಕಡೆಗೆ 2016ರ ಫೆಬ್ರವರಿಯಲ್ಲಿ, ಅವಧಿಗೆ ಮೊದಲೇ, ಸನ್ನಡತೆಯ ಬಿಡುಗಡೆ. ಈ ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಇನ್ನೂ ತೀರ್ಪೇ ಬಂದಿಲ್ಲ. ಅವರ ನಡತೆ ಹೇಗಿದೆ ಎಂದು ನೋಡುವವರು ಯಾರು? ಜಾಮೀನಿಗೆ ಸಹಿ ಹಾಕುವವರೂ ದಿಕ್ಕಿಲ್ಲ.

ನಡುವೆ ರಾಜಕೀಯವೂ ಆಯಿತು. 2009ರಲ್ಲಿ ಸಮಾಜವಾದಿ ಪಕ್ಷ ಅವರನ್ನು ಲಖನೌದಿಂದ ಚುನಾವಣೆಗೆ ನಿಲ್ಲಿಸಹೊರಟಿತು. ಸುಪ್ರೀಂ ಕೋರ್ಟ್ ಅಡ್ಡ ಬಂತು. ಸರಿ, ಪಕ್ಷದ ಪ್ರಧಾನ ಕಾರ್ಯದರ್ಶಿ ಮಾಡಿದರು. ಶಾಸನ ಮಾಡಲು ಆಗದಿದ್ದರೇನು, ಭಾಷಣ ಮಾಡಬಹುದಲ್ಲ.

ಆಮೇಲೆ 2018ರಲ್ಲಿ ಅವರದೇ ಬದುಕಿನ ಚಿತ್ರ 'ಸಂಜು'. ನಿರ್ದೇಶಕರು ಮುನ್ನಾಭಾಯಿ ಖ್ಯಾತಿಯ ಅದೇ ರಾಜಕುಮಾರ್ ಹಿರಾನಿ. ಚಿತ್ರದ ಖಳ ಯಾರು ಗೊತ್ತೇ? ಪತ್ರಿಕೆಗಳು! ರೈಫಲ್‌ಗಿಂತ ತಲೆಬರಹ ಅಪಾಯಕಾರಿಯಂತೆ. ಮುನ್ನೂರು ಕೋಟಿಗೂ ಮೀರಿ ದುಡ್ಡು ಬಂತು. ದತ್ ಸಿಕ್ಕಿಬಿದ್ದ ಅದೇ ಸ್ಫೋಟದ ಮೊಕದ್ದಮೆಯಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳಿಗೂ ಶಿಕ್ಷೆಯಾಗಿತ್ತು. ಅವಳ ಕಥೆಗೆ ಯಾವ ನಿರ್ಮಾಪಕ ಮುಂಗಡ ಕೊಟ್ಟ?

ಮುಂಬೈಯವರನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. 2022ರಲ್ಲಿ 'ಕೆಜಿಎಫ್-2'ರ ಅಧೀರನಾಗಿ ಅವರು ಕತ್ತಿ ಎತ್ತಿದಾಗ ನಮ್ಮ ಥಿಯೇಟರುಗಳಲ್ಲೂ ಶಿಳ್ಳೆ ಬಿದ್ದವು. ಪಾತ್ರಕ್ಕೆ ಶಿಳ್ಳೆ ಹೊಡೆದರೆ ತಪ್ಪೇನೂ ಇಲ್ಲ. ಆದರೆ ಕೊಲೆ ಆರೋಪ ಹೊತ್ತ ನಮ್ಮದೇ ಒಬ್ಬ ಕನ್ನಡ ನಟನ ಕೈದಿ ನಂಬರನ್ನು ಗಾಡಿಗಳ ಮೇಲೆ ಬರೆಸಿಕೊಂಡು ಮೆರೆದವರು ಕನ್ನಡಿಗರೇ. ಅದಕ್ಕೆ ಮುಂಬೈಯಿಂದ ಯಾರೂ ಬಂದು ಹೇಳಿಕೊಡಲಿಲ್ಲ.