ವೇಗರಥ ಮಸ್ತಕ ನಿರ್ಣಯ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಇಲ್ಲಿ ಅಧಿಕಾರಿಯೆಂದರೆ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಒಣದ್ರಾಕ್ಷಿಗೆ ಒಳ್ಳೆ ದರ ಸಿಕ್ಕ ವರ್ಷ ಹಳೆ ಕಾರೊಂದನ್ನು ಕೊಂಡು, ಅದರ ಮೂಲ ಕಂಪ್ಯೂಟರು ತನ್ನ ಯೋಗ್ಯತೆಗೆ ಸಾಲದೆಂದು ಮನಗಂಡ ಯುವಕ. ವಿಷಯವೆಂದರೆ ಇಸಿಯು ಎಂಬ ಪೆಟ್ಟಿಗೆ. ಪೆಟ್ರೋಲು ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂದು ಇಂಜಿನ್ನಿಗೆ ಅಪ್ಪಣೆ ಕೊಡುವುದು ಅದೇ. ಕಂಪನಿಯದನ್ನು ಕಿತ್ತು, ಲ್ಯಾಪ್‌ಟಾಪಿನಲ್ಲಿ ಕೂತು ತಿದ್ದಬಲ್ಲ ಬೇರೊಂದನ್ನು ಕೂಡಿಸುವುದು ಹೇಗೆಂಬುದೇ ಜಿಜ್ಞಾಸೆ. ಸಂಬಂಧ ಪೆಟ್ಟಿಗೆಗೂ ಗಾಡಿಗೂ ಇರಬೇಕಾದದ್ದು. ಸದ್ಯಕ್ಕೆ ಇರುವುದು ಪೆಟ್ಟಿಗೆಗೂ ಅಪ್ಪನ ಪಾಸ್‌ಬುಕ್ಕಿಗೂ. ಪ್ರಯೋಜನದ ಮಾತನ್ನು ಅಪ್ಪನ ಎದುರು ಎತ್ತುವಂತಿಲ್ಲ.

ಇನ್ನು ಲಕ್ಷಣ. ವೇಗರಥ, ಅಂದರೆ ಸ್ಪೋರ್ಟ್ಸ್ ಕಾರು, ಎರಡೇ ಬಾಗಿಲಿನದಾಗಿರಬೇಕೆಂದು ಪಾಶ್ಚಾತ್ಯ ಪಂಥ. ವಿಜಯಪುರದ ಕೆಎ-28 ಪಂಥದವರು ಇದನ್ನು ಒಪ್ಪುವುದಿಲ್ಲ. ಬಾಗಿಲು ಎಷ್ಟಾದರೂ ಇರಲಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಗೋಳಗುಮ್ಮಟದ ಪಾರಿವಾಳಗಳು ಒಂದು ಸುತ್ತು ಹಾರಿ ಬರಬೇಕು, ಅಷ್ಟೇ. ನಮ್ಮ ಜಿಜ್ಞಾಸುವಿನದು 2001ರ ಹೋಂಡಾ ಸಿಟಿ ವಿಟೆಕ್: 1.5 ಲೀಟರ್, 106 ಅಶ್ವಶಕ್ತಿ, ಬಾಗಿಲು ನಾಲ್ಕು. ಅದರಲ್ಲಿ ಒಂದು ಒಳಗಿನಿಂದ ತೆರೆಯುವುದಿಲ್ಲ, ಇನ್ನೊಂದು ಹೊರಗಿನಿಂದ ತೆರೆಯುವುದಿಲ್ಲ. ಆದ್ದರಿಂದ ಎರಡೂ ಪಂಥಗಳಿಗೆ ಸಮ್ಮತ.

ಆ 106 ಕುದುರೆಗಳ ಗತಿ ಏನಾಯಿತೆಂದು ನೋಡೋಣ. ವಿಜಯಪುರ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ ಇಲ್ಲಿ 94ರ ಆಸುಪಾಸು. ಅದರ ಮೇಲೆ ಏಪ್ರಿಲ್ಲಿನ ಮಧ್ಯಾಹ್ನ 42 ಡಿಗ್ರಿ. ಬಿಸಿಗೆ ಗಾಳಿ ತೆಳುವಾಗುತ್ತದೆ. ಎರಡನ್ನೂ ಕೂಡಿಸಿದರೆ ಸಿಲಿಂಡರಿಗೆ ಹೋಗುವ ಗಾಳಿ ಶೇ. 12ರಷ್ಟು ಖೋತಾ. ಹಾಗಾಗಿ ಹದಿಮೂರು ಕುದುರೆಗಳು ಅಥಣಿ ರಸ್ತೆಗೆ ತಿರುಗುವ ಮೊದಲೇ ಬಿಸಿಲಿಗೆ ಹೆದರಿ ಬೇವಿನ ಮರದ ನೆರಳಿಗೆ ಹೋಗಿ ನಿಂತಿವೆ. ಟರ್ಬೊ ಇಲ್ಲದ ಇಂಜಿನ್ನಿಗೆ ಪೆಟ್ಟಿಗೆಯೊಂದನ್ನೇ ಬದಲಿಸಿದರೆ ಮರಳಿ ಬರುವುದು ಬೆರಳೆಣಿಕೆಯಷ್ಟು ಕುದುರೆ. ನವೆಂಬರದ ತನಕ ಕಾದರೆ ಅಷ್ಟು ಪುಕ್ಕಟೆಯೇ ಬರುತ್ತವೆ. ಈ ವಾದವನ್ನು ಜಿಜ್ಞಾಸು ಪೂರ್ವಪಕ್ಷವೆಂದು ತಳ್ಳಿಹಾಕಿದ್ದಾನೆ.

ಪೂರ್ವಚರಿತ್ರೆಯೂ ಒಂದಿಷ್ಟು ಬೇಕು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂದದ್ದು 1967ರಲ್ಲಿ. ಅದೇ ಬಾಷ್ 1951ರಲ್ಲಿ ಮೈಕೋ ಆಗಿ ಬಂದು, ಆಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಪಂಪು ಮಾಡತೊಡಗಿತು. ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರಿನ ಪಂಪಿಗೆ ಸ್ಕ್ರೂಡ್ರೈವರ್ ಹಾಕಿ ಅರ್ಧ ಸುತ್ತು ತಿರುಗಿಸಿ, ಹೊಗೆಯ ಬಣ್ಣ ನೋಡಿ, ಕಿವಿಯಿಂದಲೇ ಲೆಕ್ಕ ಹಾಕುವ ನಮ್ಮ ಮಿಸ್ತ್ರಿಗಳೇ ಈ ಶಾಸ್ತ್ರದ ಆದ್ಯ ಪ್ರವರ್ತಕರು. ಅವರಿಗೆ ಲ್ಯಾಪ್‌ಟಾಪ್ ಇರಲಿಲ್ಲ, ಯುಎಸ್‌ಬಿ ಕೇಬಲ್ ಕಳೆದುಹೋಗುವ ಭಯವೂ ಇರಲಿಲ್ಲ.

ಮತಭೇದಗಳು ಮೂರು. ಕಂಪನಿಯ ಪೆಟ್ಟಿಗೆಯೊಳಗಿನ ಅಂಕಿಗಳನ್ನೇ ತಿದ್ದುವುದು ವಿಶಿಷ್ಟಾದ್ವೈತ. ಕಂಪನಿಯದನ್ನು ಹಾಗೆಯೇ ಬಿಟ್ಟು, ಅದಕ್ಕೂ ಸೆನ್ಸರುಗಳಿಗೂ ನಡುವೆ ಇನ್ನೊಂದನ್ನು ಕೂಡಿಸಿ, ಮೊದಲನೆಯದಕ್ಕೆ ಸುಳ್ಳು ವರದಿ ಕಳಿಸುವುದು ದ್ವೈತ. ಇದಕ್ಕೆ ಪಿಗ್ಗಿಬ್ಯಾಕ್ ಎನ್ನುತ್ತಾರೆ. ಬೆಂಗಳೂರಿನಲ್ಲೇ ತಯಾರಾಗುವ ಪವರ್‌ಟ್ರಾನಿಕ್ ಈ ಮತದ್ದು. ಬೈಕಿನ ಹುಡುಗರಿಗೆ ಅದು ಗೊತ್ತು. ಮೂಲವನ್ನು ಪೂರಾ ಕಿತ್ತೆಸೆದು ಒಂದೇ ಪೆಟ್ಟಿಗೆಗೆ ಸರ್ವಾಧಿಕಾರ ಕೊಡುವುದು ಅದ್ವೈತ. ಆಸ್ಟ್ರೇಲಿಯಾದ ಮೊಟೆಕ್, ಹಾಲ್ಟೆಕ್‌ಗಳು ಇದರ ಪೀಠಗಳು. ಅಲ್ಲಿ ದೀಕ್ಷೆ ತಗೊಂಡರೆ ಪೆಟ್ಟಿಗೆಯ ಬೆಲೆ ಗಾಡಿಯ ಬೆಲೆಯನ್ನು ಮೀರುವ ಸಂಭವವುಂಟು. ಅಮೆರಿಕದಿಂದ ಬಂದ ಮೆಗಾಸ್ಕ್ವರ್ಟ್ ಎಂಬುದು ಬಡವರ ಅದ್ವೈತ. ಅದರ ಕಿಟ್ ತರಿಸಿ ನಾವೇ ಬೆಸುಗೆ ಹಾಕಿಕೊಳ್ಳಬಹುದು.

ಅದ್ವೈತಿಗಳ ಸಂಕಟ ಬೇರೆ. ಎಲ್ಲವನ್ನೂ ಹೊಸದಾಗಿ ಹೇಳಿಕೊಡಬೇಕು. ಐಡಲ್ ಎಷ್ಟು, ಎಸಿ ಹಾಕಿದಾಗ ಎಷ್ಟು ಏರಿಸಬೇಕು, ರೇಡಿಯೇಟರ್ ಫ್ಯಾನ್ ಎಷ್ಟಕ್ಕೆ ತಿರುಗಬೇಕು, ವಾಲ್ವುಗಳ ಆಟ ಬದಲಿಸುವ ವಿಟೆಕ್ ಸೊಲೆನಾಯ್ಡ್ ಯಾವಾಗ ತೆರೆಯಬೇಕು. ಹದಿನಾರು ಸಾಲು, ಹದಿನಾರು ಕಂಬ, ಒಟ್ಟು 256 ಮನೆಗಳ ಪಟ ಪೆಟ್ರೋಲಿಗೊಂದು, ಕಿಡಿಗೊಂದು. ತಣ್ಣಗಿನ ಇಂಜಿನ್ನಿಗಾಗಿ ಮೈನಸ್ 40 ಡಿಗ್ರಿಯಿಂದ ಶುರುವಾಗುವ ಪಟವೂ ಇದೆ. ಬಬಲೇಶ್ವರ ತಾಲೂಕಿನಲ್ಲಿ ಅದರ ಮೇಲಿನ ಮನೆಗಳು ಯುಗಾಂತ್ಯದವರೆಗೂ ಖಾಲಿ ಬಿದ್ದಿರುತ್ತವೆ.

ಆದರೂ ಜಿಜ್ಞಾಸುವಿನ ಪರವಾಗಿ ಒಂದು ಗಟ್ಟಿ ವಾದವಿದೆ. ಅದನ್ನು ಅವನು ಎತ್ತಿಲ್ಲವಾದ್ದರಿಂದ ನಾವೇ ಎತ್ತುತ್ತೇವೆ. ಬರೀ ಪೆಟ್ರೋಲು ಸರಿಯಾಗಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಶೇ. 20 ಎಥೆನಾಲ್ ಬೆರೆತ ಇ20ಗೆ 13.5ರ ಸುಮಾರು ಸಾಕು. 2001ರ ಪೆಟ್ಟಿಗೆಗೆ ಈ ಸುದ್ದಿ ಯಾರೂ ಹೇಳಿಲ್ಲ. ಸಾವಕಾಶ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿ ಅದು ಹೇಗೋ ಸರಿದೂಗಿಸಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಹಳೆ ಪಟವನ್ನೇ ನಂಬಿ ಶೇ. 8ರಷ್ಟು ಕಡಿಮೆ ಇಂಧನ ಕೊಡುತ್ತದೆ. ಕೃಷ್ಣೆಯ ದಂಡೆಯಲ್ಲಿ ಬೆಳೆದ ಕಬ್ಬು ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ಅದೇ ಸೀಮೆಯ ರೈತನ ಮಗನ ಇಂಜೆಕ್ಟರಿಗೇ ಬಂದು ಲೆಕ್ಕ ತಪ್ಪಿಸುವ ಈ ಪ್ರಕ್ರಿಯೆಗೆ ಕರ್ಮಸಿದ್ಧಾಂತದಲ್ಲಿ ಮಾತ್ರ ಸಮಾಧಾನವಿದೆ. ತಿದ್ದಬಲ್ಲ ಪೆಟ್ಟಿಗೆ ಈ ತಪ್ಪನ್ನು ಸರಿಮಾಡಬಲ್ಲದು. ಹಳೆ ರಬ್ಬರ್ ಪೈಪುಗಳನ್ನು ಮಾತ್ರ ಎಥೆನಾಲಿನಿಂದ ಯಾವ ಸಾಫ್ಟ್‌ವೇರೂ ಕಾಯಲಾರದು.

ನಾಕಿಂಗ್ ವಿಚಾರದಲ್ಲಿ ವಿಜಯಪುರಕ್ಕೆ ಆದಿಲ್‌ಶಾಹಿ ಪರಂಪರೆಯೇ ಇದೆ. ಇಂಧನ ತಾನಾಗಿ ಸಿಡಿದರೆ ಲೋಹದೊಳಗೆ ಆರೇಳು ಸಾವಿರ ಹರ್ಟ್ಝಿನ ಕಿಣಿಕಿಣಿ ಏಳುತ್ತದೆ. ಅದನ್ನು ಆಲಿಸಿ ಕಿಡಿಯನ್ನು ತಡಮಾಡುವುದೇ ನಾಕ್ ಸೆನ್ಸರಿನ ಕೆಲಸ. 1656ರಲ್ಲಿ ಮುಗಿದ ಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಸುಮಾರು 37 ಮೀಟರ್ ಆಚೆ ಕೇಳುತ್ತದೆ. ಆದರೆ ಪ್ರವಾಸಿಗರು ಅಲ್ಲಿ ಪಿಸುಗುಟ್ಟಿದ್ದನ್ನು ಯಾರೂ ಕಂಡಿಲ್ಲ, ಎಲ್ಲರೂ ಕೂಗುವವರೇ. ಅಗ್ಗದ ನಾಕ್ ಸೆನ್ಸರಿನ ಪಾಡೂ ಇದೇ: ಟ್ಯಾಪೆಟ್ಟಿನ ಗದ್ದಲದಲ್ಲಿ ನಿಜವಾದ ಪಿಸುಮಾತು ಸಿಕ್ಕುವುದಿಲ್ಲ.

ರಸ್ತೆಯ ಪ್ರಮಾಣವನ್ನೂ ನೋಡಬೇಕು. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಗಾಡಿ ಓಡಿಸಿ ಲಾಗ್ ತೆಗೆದರೆ, ಮುಂದೆ ಎರಡು ಟ್ರೇಲಿ ಕಬ್ಬು ಹೇರಿಕೊಂಡು ಹಾಡು ಹಚ್ಚಿಕೊಂಡ ಟ್ರ್ಯಾಕ್ಟರು. ಅದರ ಹಿಂದೆ ಮೂರನೇ ಗೇರಿನಲ್ಲಿ ನಮ್ಮ ವೇಗರಥ. ಪಟದ 256 ಮನೆಗಳಲ್ಲಿ ಕೆಳಗಿನ ಎಡಮೂಲೆಯ ಒಂದು ಓಣಿಯಷ್ಟೇ ಬೆಳಗುತ್ತದೆ. ವಿಟೆಕ್ ತೆರೆಯುವ ಮೇಲಿನ ಸುತ್ತುಗಳ ಮನೆಗಳಲ್ಲಿ ದೀಪ ಹಚ್ಚುವವರಿಲ್ಲ. ಧರ್ಮಶಾಸ್ತ್ರವೂ ಅಡ್ಡಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಷ್ಟೆಲ್ಲ ಚರ್ಚೆಯನ್ನು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಅಪ್ಪ, ಚಪ್ಪರದ ಮೂಲೆಯ ಕಂಬದಲ್ಲಿ ತಗಡಿನ ಡಬ್ಬಿಯೊಳಗಿದ್ದ ಬೋರಿನ ಮೊಬೈಲ್ ಸ್ಟಾರ್ಟರ್ ತೋರಿಸಿದ. ಕೆಂಪು ದೀಪ ಮಿಣುಕುತ್ತಿತ್ತು, ಸಿಮ್ ಹಾಕುವ ಕಿಂಡಿಗೆ ಇನ್ಸುಲೇಶನ್ ಟೇಪ್ ಸುತ್ತಿತ್ತು.

“ತಮ್ಮಾ, ಬೋರಿನ್ಯಾಗ ನೀರ ಕಮ್ಮಿ ಆದ್ರ ಇದು ತಾನ ಬಂದ್ ಆಗ್ತೈತಿ. ಒಂದ ಫೇಸ್ ಹೋದ್ರೂ ಬಂದ್ ಆಗ್ತೈತಿ. ಆಗಿ ನನಗ ಫೋನ್ ಹಚ್ತೈತಿ. ನಿಂದು ಎದಕ್ಕ ಬಂದ್ ಆಗ್ತೈತಿ ಹೇಳು?”

“ಯಪ್ಪಾ, ಇದು ಬಂದ್ ಆಗಾಕಲ್ಲ, ಓಡಾಕ.”

“ಓಡೂದು ಎಲ್ಲಾ ಓಡ್ತಾವ.”

ಕ್ಯಾಟಲಾಗು ಬರೆದವರಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾವು ಓದಿಲ್ಲ. ಆಯಿಲ್ ಪ್ರೆಶರ್ ಬಿದ್ದರೆ ಪೆಟ್ರೋಲು ನಿಲ್ಲಿಸುವುದು, ಇಂಜಿನ್ ಕಾದರೆ ಸುತ್ತು ಇಳಿಸುವುದು, ಪೂರ್ತಿ ಒತ್ತಿದಾಗ ಇಂಧನ ಸಾಲದಿದ್ದರೆ ತಡೆಯುವುದು: ಪೆಟ್ಟಿಗೆ ಆರಿಸಲು ಇದೇ ಒರೆಗಲ್ಲು. ಹಳೆ ಗಾಡಿಯಲ್ಲಿ ಆಯಿಲಿಗೆ ಇರುವುದು ಡ್ಯಾಶ್‌ಬೋರ್ಡಿನ ಕೆಂಪು ದೀಪ ಹಚ್ಚುವ ಸ್ವಿಚ್ಚೊಂದೇ. ಒತ್ತಡ ಎಷ್ಟೆಂದು ಅಳೆಯುವ ಸೆನ್ಸರನ್ನು ಹೊಸದಾಗಿ ಕೂಡಿಸಬೇಕು, ಅದರ ವೈರಿಗೆ ಪೆಟ್ಟಿಗೆಯಲ್ಲಿ ಜಾಗ ಉಳಿದಿರಬೇಕು. ಕುದುರೆ ಎಷ್ಟು ಏರುತ್ತವೆ ಎಂದು ಕೇಳುವ ಮೊದಲು ಇನ್‌ಪುಟ್ ಎಷ್ಟು ಖಾಲಿ ಇವೆ ಎಂದು ಕೇಳಬೇಕು. ಟ್ಯೂನ್ ಮಾಡುವವನು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಅವನು ರವಿವಾರ ಫೋನ್ ಎತ್ತುತ್ತಾನೋ ಇಲ್ಲವೋ ಅದನ್ನೂ ಕೇಳಬೇಕು.

ಸ್ಥಳದ ಪ್ರಶ್ನೆಯೊಂದು ಉಳಿಯಿತು. ಜಿಜ್ಞಾಸು ಗಾಡಿಯನ್ನು ನಿಲ್ಲಿಸುವುದು ಒಣದ್ರಾಕ್ಷಿಯ ಶೆಡ್ಡಿನ ಮಗ್ಗುಲಲ್ಲಿ. ಹಣ್ಣಿಗೆ ಬಂಗಾರದ ಬಣ್ಣ ಬರಲೆಂದು ಅಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಆ ಹೊಗೆ ಹಸಿಗಾಳಿಯೊಂದಿಗೆ ಸೇರಿದರೆ ತಾಮ್ರದ ತುದಿಗಳನ್ನು ತಿನ್ನುತ್ತದೆ, ಕನೆಕ್ಟರಿನೊಳಗೆ ಹಸಿರು ಹಿಡಿಯುತ್ತದೆ. ಆಸ್ಟ್ರೇಲಿಯಾದವರ ಕೈಪಿಡಿಯಲ್ಲಿ ಈ ಅಧ್ಯಾಯವಿಲ್ಲ. ಆದಕಾರಣ ಪೆಟ್ಟಿಗೆ ಮುಚ್ಚಿದ ಮೈಯದ್ದಿರಬೇಕು, ಬಾನೆಟ್ಟಿನ ಕೆಳಗಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಕೂಡಬೇಕು. ವೈರಿಂಗ್ ಕೆಲಸ ಹಂಗಾಮು ಮುಗಿದ ಮೇಲೆ ಎಂದು ಮಿಸ್ತ್ರಿ ಹೇಳಿದ್ದಾನೆ. ಅಲ್ಲಿಯತನಕ ಗಾಡಿಯನ್ನು ಶೆಡ್ಡಿನಿಂದ ದೂರ, ಗಾಳಿ ಬರುವ ಕಡೆ ನಿಲ್ಲಿಸಬೇಕೆಂದು ಅಪ್ಪನ ಅಪ್ಪಣೆಯಾಗಿದೆ.